ಕತಗಾಲದಲ್ಲಿ ಬ್ರೇಕು ಬಿಚ್ಚಿಸಿದ್ದು

ಮೂರು ತಿಂಗಳಿಂದ ನನ್ನ ಓಮ್ನಿ
ನಿಲ್ಲುವ ಮೊದಲು ಕೂಗುತ್ತಿತ್ತು.

ಶುರುವಿಗೆ ನಸುಕಿನಲ್ಲಿ ಮಾತ್ರ, ತದಡಿ ಬಂದರು ಬಿಡುವಾಗ,
ಸಣ್ಣಗೆ, ಕ್ರೀಂ ಎಂದು.
ಎರಡು ಸಲ ಒತ್ತಿದರೆ ಸುಮ್ಮನಾಗುತ್ತಿತ್ತು.
ರಾತ್ರಿಯ ಉಪ್ಪುಗಾಳಿ ಡಿಸ್ಕಿಗೆ ಸವರಿದ ತುಕ್ಕು,
ಅಷ್ಟೇ ಎಂದುಕೊಂಡೆ.

ಆಮೇಲೆ ಮಿರ್ಜಾನ ದಾಟಿದರೂ ಕೂಗು.
ಮೀನು ಹೊತ್ತು ಘಟ್ಟ ಹತ್ತುವಾಗ ತೆಪ್ಪಗೆ,
ಖಾಲಿ ಕ್ರೇಟು ಹೊತ್ತು ಇಳಿಯುವಾಗ
ದೇವಿಮನೆಯ ಒಂದೊಂದು ತಿರುವಿಗೂ
ತಗಡಿನ ಮೇಲೆ ಯಾರೋ ಉಗುರು ಎಳೆದ ಹಾಗೆ.
ಮಂಗಗಳು ಮರಿ ಕಚ್ಚಿಕೊಂಡು ಮರ ಏರಿದವು.
ಲಾರಿಯವರು ಕೇಳದೆಯೇ ದಾರಿ ಕೊಟ್ಟರು.
ನಾನು ರೇಡಿಯೋ ಜೋರು ಮಾಡಿದೆ.

ಕತಗಾಲದ ಬಸ್ತ್ಯಾಂವನಿಗೆ ಎಡಗಿವಿ ಕೇಳದು,
ಬಲಗಿವಿ ಮನಸ್ಸಿದ್ದರೆ.
ಪಕ್ಕದ ಸೀಟಿನಲ್ಲಿ ಕೂತು ಬಾಗಿಲಿಗೆ ಅಂಗೈ ಒತ್ತಿ
"ಓಡಿಸು" ಅಂದ. "ಒತ್ತು. ಬಿಡು. ಒತ್ತು."
ಕಣ್ಣು ಮುಚ್ಚಿದ್ದ.
ನಾಡಿ ಹಿಡಿಯುವ ಪಂಡಿತರಿಗೂ ಇಷ್ಟು ಪುರುಸೊತ್ತಿಲ್ಲ.
"ಮುಂದಿನ ಎಡಚಕ್ರ. ಹಿಂದೆಯೂ ಒಂದು ಅಳ್ತಾ ಇದೆ,
ಬೇರೆ ಸ್ವರ."

ನಟ್ಟು ಸಡಿಲಿಸಿ, ಜಾಕು ಕೊಟ್ಟು, ಚಕ್ರ ಕಳಚಿ
ಪ್ಯಾಡು ಎರಡನ್ನೂ ನನ್ನ ಅಂಗೈಗೆ ಹಾಕಿದ.
ಒಳಗಿನದು ಹಪ್ಪಳ, ಹೊರಗಿನದು ಇನ್ನೂ ದಪ್ಪ.
"ಕ್ಯಾಲಿಪರಿನ ಪಿನ್ನು ಹಿಡಿದಿದೆ.
ಒಬ್ಬ ದುಡಿದು ಸವೆದ, ಇನ್ನೊಬ್ಬ ಕೂತು ಉಂಡ."
ಸವೆದದ್ದರ ಅಂಚಿಗೆ ತಗಡಿನ ಪುಟ್ಟ ನಾಲಿಗೆ.
"ಇದು ಕೂಗಲಿಕ್ಕೆಂದೇ ಇಟ್ಟದ್ದು, ತಂಗೀ.
ಪ್ಯಾಡು ತೆಳುವಾದರೆ ಇದು ಹೋಗಿ ಡಿಸ್ಕಿಗೆ ತಾಗ್ತದೆ.
ಮೂರು ತಿಂಗಳು ಕರೆದಿದೆ.
ನೀನು ರೇಡಿಯೋ ಹಾಕಿದೆ."

ರೇಡಿಯೋ ವಿಷಯ ನಾನು ಹೇಳಿರಲೇ ಇಲ್ಲ.

ಹಿಂದಿನ ಡ್ರಮ್ಮು ತೆಗೆದರೆ ಕಪ್ಪು ಹುಡಿ, ಒಂದು ಹರಳುಕಲ್ಲು,
ಮತ್ತು ಬಂಗಡೆಯ ವಾಸನೆ.
ಐಸು ಕರಗಿ ಸೋರಿದ್ದೆಲ್ಲ ದಿನವೂ
ತಳದ ತೂತಿನಿಂದ ಇಲ್ಲಿಗೇ ಇಳಿದಿತ್ತು.
ಊದಲು ಹೋದೆ. "ಊದಬೇಡ, ಎದೆಗೆ ಕೂರ್ತದೆ,"
ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದ.
ಶೂ ಹೊಳೆಯುತ್ತಿತ್ತು. ಚಂದವೇ ಕಂಡಿತು ನನಗೆ.
"ಹೊಳೆಯಬಾರದು ಇದು.
ಇಳಿಜಾರು ಪೂರಾ ಕಾಲು ತೆಗೆಯದೆ ಒತ್ತಿದ್ದೀ,
ಸುಟ್ಟು ಗಾಜಾಗಿದೆ. ಹತ್ತಿದ ಗೇರಲ್ಲೇ ಇಳಿ."
ನೀರು ಚಿಮುಕಿಸಿ ಮರಳುಕಾಗದ ನನ್ನ ಕೈಗೇ ಕೊಟ್ಟ.
ದೋಸೆಕಾವಲಿ ತಿಕ್ಕಿದ ಹಾಗೆ ತಿಕ್ಕಿದೆ,
ಹೊಳಪು ಸತ್ತು ಒರಟು ಏಳುವವರೆಗೆ.

ಎರಡೂ ಬದಿಗೆ ಹೊಸ ಪ್ಯಾಡು, ಪಿನ್ನಿಗೆ ಗ್ರೀಸು,
ಹದಿನಾಲ್ಕು ನೂರು ಮತ್ತು ಒಂದು ಕೇಜಿ ಶೆಟ್ಲಿ.

ಮರುದಿನ ಶಿರಸಿಯಲ್ಲಿ, ನೀಲೇಕಣಿಯ ಓಣಿಯಲ್ಲಿ ನಿಂತೆ.
ಎಷ್ಟು ಮೆತ್ತಗೆ ನಿಂತೆನೆಂದರೆ
ಯಾರೂ ಹೊರಗೆ ಬರಲಿಲ್ಲ.
ಹತ್ತು ನಿಮಿಷ. ಐಸು ಕರಗುತ್ತಿತ್ತು.
ಕಂಪೌಂಡಿನ ಮೇಲೆ ದಿನವೂ ಮೊದಲ ಹಾಜರಿ ಹಾಕುವ
ಕುಂಟ ಬೆಕ್ಕೂ ಇಲ್ಲ.
ಕೊನೆಗೆ ಜುಬೇದಾಬಿ ಕಿಟಕಿಯಿಂದ ಇಣುಕಿ,
"ಬಂದಿದ್ದೀಯಾ? ಕೂಗಲೇ ಇಲ್ಲವಲ್ಲೇ!"
ಪಾತ್ರೆ ಹಿಡಿದು ಬಂದ ಅವಳ ಹಿಂದೆ
ಇಡೀ ಓಣಿ ನಗುತ್ತ ಬಂತು.
ಘಟ್ಟದಲ್ಲಿ ನಾನು ಹೆದರಿ ಹಲ್ಲು ಕಚ್ಚಿದ ಸದ್ದು
ಇವರಿಗೆ ಒಲೆ ಮೇಲೆ ಸಾರಿಗಿಡುವ ಹೊತ್ತಾಗಿತ್ತು.

ಇಳಿಯುವಾಗ ರೇಡಿಯೋ ಆರಿಸಿದೆ. ಸೆಕೆಂಡ್ ಗೇರು.
ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದೊಂದೇ:
ಕ್ರೇಟಿಗೆ ಕ್ರೇಟು ತಾಗುವುದು, ಹಿಂಬಾಗಿಲ ಹಿಡಿ,
ಎಂಟನೇ ತಿರುವಿನಲ್ಲಿ ಕೆಳಗೆಲ್ಲೋ ಟಿಕ್.
ಕಾಲು ತೆಗೆದೆ. ನಿಂತಿತು. ಒತ್ತಿದೆ. ಇಲ್ಲ.
ಒಂದು ಕೈ ಸ್ಟೇರಿಂಗಿಗೆ, ಒಂದು ಅಂಗೈ ಬಾಗಿಲಿಗೆ,
ಕತಗಾಲದವರೆಗೂ ಹಾಗೇ ಬಂದೆ.

ಬಸ್ತ್ಯಾಂವ ಗ್ಯಾರೇಜು ಮುಚ್ಚಿದ್ದ.
ಒಳ್ಳೆಯದೇ ಆಯಿತು.
ಅವನಿಗಾದರೂ ಏನೆಂದು ದೂರು ಹೇಳುವುದು,
ಏನೂ ಕೇಳಿಸುತ್ತಿಲ್ಲ ಎಂದೇ?