ಇಂಚು ಸೆಂಟು

ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ಮುಚ್ಚಳ ತೆಗೆದು
ಗಾಜಿನ ಅಳತೆಗೆ ನೀರು ಸುರಿದು
ಕಣ್ಣ ಮಟ್ಟಕ್ಕೆ ಹಿಡಿದು ಓದುತ್ತೇನೆ:
ಎರಡು ಇಂಚು ಹದಿನೆಂಟು ಸೆಂಟು.
ಸುಂಟಿಕೊಪ್ಪದ ಈ ತೋಟಕ್ಕೆ ರೈಟರಾಗಿ
ಮೂವತ್ತೆಂಟು ವರ್ಷ ಇದನ್ನೇ ಬರೆದೆ.
ಧಣಿಗಳು ಮೂವರು ಬದಲಾದರು,
ಪುಸ್ತಕದ ಗೆರೆ ಬದಲಾಗಲಿಲ್ಲ.

ಅದೇ ಪುಸ್ತಕದ ಅಂಚಿಗೆ, ಪೆನ್ಸಿಲಿನಲ್ಲಿ,
ಹನ್ನೊಂದು ವರ್ಷದಿಂದ ಇನ್ನೊಂದು ಲೆಕ್ಕ:
ರಾತ್ರಿ ಎಷ್ಟು ಸಲ ಎದ್ದೆ.
ಮೊದಲ ವರ್ಷ ಆರು, ಏಳು.
ಹೊರಗೆ ಜಡಿಮಳೆ ಧೋ ಎನ್ನುವಾಗ
ಒಳಗೆ ನಾನು ಗೋಡೆ ಹಿಡಿದು ನಿಂತು
ನಾಲ್ಕು ಹನಿಗೆ ಕಾಯುತ್ತಿದ್ದೆ.
ಇಡೀ ಕೊಡಗಿನಲ್ಲಿ ಬರಗಾಲ ನನ್ನೊಬ್ಬನಿಗೇ!

ಮಾತ್ರೆ ಶುರುವಾಗಿ ಆರು ತಿಂಗಳಿಗೆ
ಅಂಚಿನ ಅಂಕಿ ಮೂರಕ್ಕಿಳಿಯಿತು, ಎರಡಕ್ಕೆ ನಿಂತಿತು.
ಹಾಸಿಗೆಯ ಇನ್ನೊಂದು ಲೆಕ್ಕವೂ ಇಳಿಯಿತು;
ಅದನ್ನು ಯಾವ ಕಾಲಮ್ಮಿನಲ್ಲೂ ಬರೆಯಲಿಲ್ಲ.
ವಯಸ್ಸು, ಅಂದೆ.
ತಂಗವ್ವ ಹೊದಿಕೆ ಎಳೆದುಕೊಂಡು
ಹೂಂ, ವಯಸ್ಸು, ಅಂದಳು.

ತಂಗಿಯ ಮಗ ಮೊಣ್ಣನಿಗೆ ಇಪ್ಪತ್ತೇಳಕ್ಕೇ
ಹಣೆ ನೆತ್ತಿಯ ತನಕ ಹತ್ತಿತ್ತು.
ಎರಡು ಕಡೆಯವರು ಕಾಫಿ ಕುಡಿದು ಎದ್ದು ಹೋಗಿದ್ದರು.
ಔಷಧಿ ಅಂಗಡಿಯ ಹಂಸಾಕ ಗುಟ್ಟು ಬಿಚ್ಚಿದ:
"ರೈಟರೇ, ನಿಮ್ಮದೂ ಅದೇ, ಕೂದಲಿನದೂ ಅದೇ.
ನಿಮ್ಮದರಲ್ಲಿ ಐದು ಪಾಲು, ಅದರಲ್ಲಿ ಒಂದು.
ರೇಟು ಮಾತ್ರ ಅದರದ್ದೇ ಜಾಸ್ತಿ."
ಅವತ್ತಿನಿಂದ ರಾತ್ರಿ ಊಟದ ಮೇಲೆ
ಹಳೇ ಹಾಜರಿ ಪುಸ್ತಕದ ರಟ್ಟಿನಲ್ಲಿ
ಬ್ಲೇಡಿನಿಂದ ನಾಲ್ಕು ಹೋಳು.
ನನಗೆ ಇಡಿಯದು, ಅವನಿಗೆ ಕಾಲು.

ಕೂದಲು ಬಂತು. ಹೆಣ್ಣೂ ಬಂತು, ಯಶಿಕ,
ಕುಶಾಲನಗರದ ಕಡೆಯವಳು, ಜೋರಾಗಿ ನಗುವವಳು.
ಇವನ ನಗು ಮಾತ್ರ ಬಾವಿಯಿಂದ ಸೇದಿದಂತೆ,
ಸಲಸಲಕ್ಕೂ ಹಗ್ಗ ಉದ್ದವಾಗುತ್ತ ಹೋಯಿತು.
ಒಂದು ಸಂಜೆ ಪಲ್ಪರ್ ಮನೆಯ ಮೆಟ್ಟಿಲಲ್ಲಿ
"ಮಾವ, ನಿಮಗೂ ಹೀಗೇ..." ಎಂದು ಅರ್ಧಕ್ಕೆ ನಿಲ್ಲಿಸಿದ.
ನಾನು ಗಡಿಯಾರ ನೋಡಿದೆ.
ನನಗಾದರೆ ವಯಸ್ಸಿನ ನೆಪವಿತ್ತು.
ಇಪ್ಪತ್ತೊಂಬತ್ತಕ್ಕೆ ಯಾವ ನೆಪ ಕೊಡಲಿ?

ಆ ಮಳೆಗಾಲ ಅವಳಿಗೆ ಮೂರು ತಿಂಗಳು.
ರಟ್ಟಿನ ಮೇಲಿನ ಬಿಳಿ ಪುಡಿಯನ್ನು
ಸುಣ್ಣವೆಂದು ಅಂಗೈಯಲ್ಲಿ ಸವರಲು ಬಂದಳು.
"ಮುಟ್ಟಬೇಡ ಕೂಸೇ!"
ಮಾತ್ರೆಯ ಚೀಟಿಯಲ್ಲಿ ಇರುವೆ ಅಕ್ಷರದಲ್ಲಿತ್ತು:
ಒಡೆದದ್ದು ಬಸುರಿಯ ಕೈಗೆ ತಾಗಬಾರದು,
ಹೊಟ್ಟೆಯಲ್ಲಿರುವುದು ಗಂಡಾದರೆ ಕೇಡು.
"ಯಾಕೆ ಮಾವ?"
ಯಾಕೆಂದು ಹೇಳಹೊರಟರೆ
ಅವಳ ಗಂಡನ ತಲೆಯ ಅಷ್ಟೂ ಕೂದಲಿನ ಕತೆ ಹೇಳಬೇಕು.
ಹೇಳಿದೆ.
ಅವಳು ನಗಲಿಲ್ಲ. ಬಟ್ಟೆ ಒದ್ದೆ ಮಾಡಿ
ನನ್ನ ಕೈಗೇ ಕೊಟ್ಟಳು: "ನೀವೇ ಒರೆಸಿ."

ಎರಡನೇ ಶನಿವಾರ ಮಡಿಕೇರಿಗೆ ಬರುವ ಡಾಕ್ಟರು
ನನ್ನ ರಕ್ತದ ಚೀಟಿ ನೋಡಿದರು. ಎರಡು ಪಾಯಿಂಟ್ ಒಂದು.
ನಾನು ಉಸಿರು ಬಿಡುವ ಮೊದಲೇ
"ಈ ಮಾತ್ರೆ ತಿನ್ನುವವರ ಅಂಕಿಯನ್ನು
ಎರಡರಿಂದ ಗುಣಿಸಿ ಓದಬೇಕು" ಎಂದರು.
ಅಳತೆಯ ಗಾಜು ಬದಲಾದರೆ ಹಾಗೆಯೇ, ನನಗೆ ಗೊತ್ತು.
ಇಷ್ಟು ವರ್ಷ ಅರ್ಧ ಮಳೆಯನ್ನೇ ಪೂರ್ತಿಯೆಂದುಕೊಂಡಿದ್ದೆ.
"ಇನ್ನೂ ಹತ್ತು ವರ್ಷ ತಿಂದರೆ?"
"ನಿಮ್ಮ ವಯಸ್ಸಿನವರದ್ದು ಸಾಕಷ್ಟು ಗೊತ್ತಿದೆ. ತೋರಿಸುತ್ತಿರಿ."
"ಇಪ್ಪತ್ತೇಳಕ್ಕೆ ಶುರು ಮಾಡಿದವರದ್ದು?"
ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
"ಬಹಳ ಮಂದಿಗೆ ಏನೂ ಆಗಲ್ಲ. ಕೆಲವರಿಗೆ ಆಗುತ್ತೆ.
ಬಿಟ್ಟ ಮೇಲೂ ಹೋಗಲಿಲ್ಲ ಅನ್ನುವವರಿದ್ದಾರೆ.
ಯಾಕೆಂದು ಸರಿಯಾಗಿ ಗೊತ್ತಿಲ್ಲ. ಕರೆದುಕೊಂಡು ಬನ್ನಿ."

ಮೂವತ್ತೆಂಟು ವರ್ಷದ ಮಳೆ ನನ್ನ ಕಪಾಟಿನಲ್ಲಿದೆ.
ನಾಳೆಯದು ಅದರಲ್ಲಿಲ್ಲ.

ಮೊಣ್ಣ ಬಿಟ್ಟು ಐದು ತಿಂಗಳಾಯಿತು.
ದಿಂಬಿನ ಮೇಲೆ ಕೂದಲು; ಯಶಿಕ ಎಣಿಸುವುದಿಲ್ಲ.
ನಗು? ಮೊನ್ನೆ ಒಂಟಿಸಲಗ ಅವನ ಬೈಕಿನ ಸೀಟು ಕಿತ್ತು
ಕಾಫಿ ಗಿಡದ ಮೇಲೆ ಕೂರಿಸಿ ಹೋದಾಗ, ಒಮ್ಮೆ.
ಪೆನ್ಸಿಲಿನಲ್ಲಿ ಬರೆದುಕೊಂಡೆ.

ಇವತ್ತು ನಲವತ್ತು ಸೆಂಟು. ನಾನು ಎದ್ದದ್ದು ಎರಡು ಸಲ.
ನನ್ನದನ್ನು ಇಡಿಯಾಗಿ ನುಂಗಿದೆ.
ಬ್ಲೇಡು ಕಾಗದ ಸುತ್ತಿಕೊಂಡು
ಇನ್ನೂ ಡ್ರಾಯರಿನಲ್ಲೇ ಇದೆ.