ಮೂರನೇ ಸಾಲು

ಶಿಡ್ಲಘಟ್ಟದ ರಾತ್ರಿಗೆ ಬೇಯುವ ಗೂಡಿನ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ,
ನನಗದು ಗಡಿಯಾರ.
ಮೂರೂವರೆಗೆ ಹಿಂದಿನ ಬೀದಿಯಲ್ಲಿ ಒಲೆ ಹತ್ತಿದರೆ
ಏಸಿಯ ಸಂದಿಯಿಂದ ಈ ಕೋಣೆಗೂ ನುಗ್ಗಿ
ರೂಟರಿನ ಹಸಿರು ದೀಪಗಳ ಮೇಲೆ ಕೂರುತ್ತದೆ.

ನನ್ನ ಕೆಲಸ ನೋಡುವುದು, ಅಷ್ಟೇ.
ಐದು ನಿಮಿಷಕ್ಕೊಮ್ಮೆ ಅದೇ ಆಜ್ಞೆ ಒತ್ತಿದರೆ
ನೆರೆಯವರ ಪಟ್ಟಿ ಸ್ಕ್ರೀನಿಗೆ ಬೀಳುತ್ತದೆ.
ಬಿಜಿಪಿ ಅಂದರೇನೆಂದು ಅಮ್ಮಿಗೆ ಹೇಳಿದ್ದೆ:
"ಇಂಥವರ ಮನೆಗೆ ನಮ್ಮ ಕಡೆಯಿಂದ ದಾರಿಯುಂಟು"
ಅಂತ ಪಕ್ಕದ ಬೀದಿಗೆ ಸಾರುವುದು,
ಅವರು ಅದನ್ನು ನಂಬುವುದು.
"ನಂಬೋದಾ? ಸುಮ್ಮನೆ?" ಅಂದಳು,
ನೂಲಿನ ತೂಕದಲ್ಲಿ ಮೋಸ ಕಂಡವಳು.
ಸುಮ್ಮನೆ, ಅಂದೆ.

ನೆರೆಯವರ ಮಾತು ಕಡಿಮೆ.
ನಿಮಿಷಕ್ಕೊಮ್ಮೆ ಆ ಕಡೆಯಿಂದ: ಇದ್ದೀನಿ.
ಈ ಕಡೆಯಿಂದ: ನಾನೂ ಇದ್ದೀನಿ.
ಮೂರು ನಿಮಿಷ ಸದ್ದಿಲ್ಲದಿದ್ದರೆ ಸತ್ತರೆಂದೇ ಲೆಕ್ಕ;
ಅವರು ಹೇಳಿದ ದಾರಿಗಳನ್ನೆಲ್ಲ ಅಳಿಸುತ್ತೇವೆ,
ನಲವತ್ತು ದಿನ ಕಾಯುವುದಿಲ್ಲ.

ಮೊದಲ ಸಾಲು ಬೆಂಗಳೂರು. ನೂರಾ ಆರು ದಿನದಿಂದ ಎದ್ದೇ ಇದೆ,
ಒಂಬತ್ತು ಲಕ್ಷ ದಾರಿ ಬಲ್ಲ ದೊಡ್ಡಮನುಷ್ಯ.
ಎರಡನೆಯದು ಕೋಲಾರದ ಕಡೆಯ ತೆಳು ಲೈನು.
ಮೂರನೆಯದು ಚಿಂತಾಮಣಿ.
ಅಲ್ಲಿ ಸಂಖ್ಯೆಯ ಬದಲು "ಆಕ್ಟಿವ್" ಎಂದಿದೆ.
ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಪದ ಕಂಡರೆ ಖುಷಿ.
ಆಮೇಲೆ ತಿಳಿಯಿತು, ಈ ಭಾಷೆಯಲ್ಲಿ ಅದರರ್ಥ
ಬಾಗಿಲು ಬಡಿಯುತ್ತಲೇ ಇದ್ದೇವೆ,
ಯಾರೂ ತೆಗೆದಿಲ್ಲ.

ಆ ತುದಿಯಲ್ಲಿ ಕೋನಪ್ಪ ಇದ್ದ.
ಮುಖ ನೋಡಿದವರಲ್ಲ ನಾವು.
ಲೈನು ಮಿನುಕಿದರೆ ಸಾಕು, ಫೋನು:
"ಏನಮ್ಮೋ ನಾಜ್ನೀನು, ನಿಮ್ದಾ ನಮ್ದಾ?"
ಕರೆಂಟು ಅವನದು, ಯುಪಿಎಸ್ಸು ನನ್ನದು,
ಹೆಗ್ಗಣ ಇಬ್ಬರದೂ.
ಮೂರು ವರ್ಷ ಹೀಗೇ. ಆಮೇಲೆ ಅವನ ಕಂಪನಿಯನ್ನು ಯಾರೋ ಕೊಂಡರು,
ಪೆಟ್ಟಿಗೆ ಬಿಚ್ಚಿದರು.
ಟೊಮೆಟೊ ಮಂಡಿಯಲ್ಲಿ ಬಿಲ್ಲು ಬರೆಯುತ್ತಾನಂತೆ.

ಇವತ್ತು ಮೂರೂ ನಲವತ್ತಕ್ಕೆ ಬೆಂಗಳೂರು ಬಿತ್ತು.
ದೀಪ ಹಸಿರೇ; ಮಾತು ಮಾತ್ರ ಇಲ್ಲ.
ಮೂರು ನಿಮಿಷ ಎಣಿಸಿದೆ.
ಒಂಬತ್ತು ಲಕ್ಷ ಒಮ್ಮೆಗೇ ಮಾಯ.
ಊರಿನ ಭಾರವೆಲ್ಲ ಕೋಲಾರದ ಎಳೆಯ ಮೇಲೆ,
ಹತ್ತಕ್ಕೆ ಗೂಡಿನ ಹರಾಜು,
ಮೊಬೈಲಿನಲ್ಲೇ ಬೆಲೆ ಒತ್ತುವ ರೀಲರುಗಳು, ಅಬ್ಬನೂ ಸೇರಿ.
ಮಾಲೀಕ ದ್ಯಾವಪ್ಪನವರಿಗೆ ಹೇಳಿದೆ.
"ರೂಟರ್ ಆರಿಸಿ ಹಚ್ಚು."
ಬೇಡ ಸಾರ್.
"ಹಚ್ಚಮ್ಮ."
ಹಚ್ಚಿದೆ. ಏಳು ನಿಮಿಷ ಶಿಡ್ಲಘಟ್ಟ ಎಲ್ಲಿದೆಯೆಂದು
ಲೋಕಕ್ಕೆ ಗೊತ್ತಿರಲಿಲ್ಲ.

ಎಂಟೂ ಕಾಲಿಗೆ ಬೆಂಗಳೂರು ತಾನಾಗಿ ಎದ್ದಿತು:
ಸೊನ್ನೆ, ನಾಲ್ಕು ಸಾವಿರ, ಲಕ್ಷ,
ತಾನೇ ರಿಪೇರಿ ಮಾಡಿದೆನೆಂದು ದ್ಯಾವಪ್ಪನವರು ಟೀ ಹೇಳಿದರು.

ಆಗ ಕಂಡೆ.
ಮೂರನೇ ಸಾಲಿನಲ್ಲಿ ನಿನ್ನೆಯವರೆಗೂ
ಮಾತು ನಿಂತ ದಿನದಿಂದ ಲೆಕ್ಕವಿತ್ತು,
ಒಂದು ವರ್ಷ ಹದಿನೆಂಟು ವಾರ.
ಈಗ ಅಲ್ಲಿ "ನೆವರ್".
ಆರಿ ಹತ್ತಿದ್ದಕ್ಕೆ ನೆನಪಿಲ್ಲ.
ಚಿಂತಾಮಣಿಯ ಜೊತೆ ಎಂದೂ ಮಾತೇ ಆಡಿಲ್ಲವಂತೆ.
ಆದರೂ ಬಡಿಯುತ್ತಿದೆ, ಯಾರದೆಂದು ತಿಳಿಯದ ಬಾಗಿಲನ್ನು,
ನಾನು ಎಂದೋ ಬರೆದಿಟ್ಟ ವಿಳಾಸ ನಂಬಿ.

"ಅದ್ಯಾಕೆ ಇನ್ನೂ ಇದೆ? ತೆಗಿ" ಅಂದರು ದ್ಯಾವಪ್ಪನವರು.
ಆ ಆಜ್ಞೆ "ನೋ" ಎಂದು ಶುರುವಾಗುತ್ತದೆ.
ಎರಡು ಅಕ್ಷರ ಒತ್ತಿ
ಟೀ ಲೋಟ ಹಿಡಿದು ಮೆಟ್ಟಿಲಿಗೆ ಬಂದೆ.

ಅವನ ನಂಬರು ಫೋನಿನಲ್ಲಿ
"ಚಿಂತಾಮಣಿ ಲೈನ್" ಎಂದೇ ಇದೆ.
ಟೊಮೆಟೊ ರೇಟು ಕೇಳಬಹುದು, ಬೇರೇನೂ ಹೊಳೆಯದಿದ್ದರೆ.
ರಿಂಗಾಗುತ್ತಿದೆ.