ಎಡಗಡೆ ಕಿಟಕಿ

ಕಾರವಾರದಲ್ಲಿ ಬೆಳಿಗ್ಗೆ ಆರೂವರೆಗೆ
ಏಳು ಜನರನ್ನು ಎಣಿಸಿ ಹತ್ತಿಸಿಕೊಂಡೆ.
ದಾವಣಗೆರೆಯ ದಂತವೈದ್ಯೆ, ಅವಳ ಮೌನಿ ಗಂಡ,
ಒಂದೇ ಬಣ್ಣದ ಟೋಪಿಯ ಮೂವರು ಅಕ್ಕತಂಗಿಯರು,
ಕ್ಯಾಮೆರಾಕ್ಕೆ ಕೂಸಿನಂತೆ ಟವೆಲು ಸುತ್ತಿದ ಹುಡುಗ,
ಕೊನೆಗೆ, ಕೈಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು
ಗದಗಿನ ಹಜರತಸಾಬ ನದಾಫರು.
"ಎಡಗಡೆ ಕಿಟಕಿ ಬೇಕು ತಂಗಿ.
ಬುಕ್ ಮಾಡೂವಾಗಲೇ ಹೇಳೇನಿ."

ಸ್ಟೇರಿಂಗಿನಲ್ಲಿ ಹಳಿಯಾಳದ ಬಸ್ತ್ಯಾಂವ.
ನನ್ನ ಕೈಲಿ ಮೈಕು.
ಗಾಡಿ ಹೋಗುವ ದಿಕ್ಕಿಗೆ ಬೆನ್ನು ಕೊಟ್ಟು ನಿಲ್ಲುವುದು ನನ್ನ ಕೆಲಸ.
ನಾಲ್ಕು ವರ್ಷವಾಯಿತು.
ಬಿಣಗಾದ ತಿರುವು, ಅಮದಳ್ಳಿಯ ಗದ್ದೆ, ಅಲೆ
ಎಲ್ಲವೂ ಬೆನ್ನ ಹಿಂದಿನಿಂದ ಬಂದು
ಮೊದಲು ಇವರ ಕಣ್ಣಿನಲ್ಲಿ ಕಾಣುತ್ತವೆ,
ಆಮೇಲೆ ನನಗೆ, ಹಿಂದಿನ ಗಾಜಿನಲ್ಲಿ,
ಸಣ್ಣದಾಗುತ್ತ.

"ಅಜ್ಜಾ, ಸಮುದ್ರ ಬಲಕ್ಕೆ!" ಟೋಪಿಗಳು ನಕ್ಕವು.
"ಇರ್ಲಿ ಬಿಡ್ರಿ, ಅದೆಲ್ಲೂ ಹೋಗಂಗಿಲ್ಲ."

ಅಂಕೋಲೆ. ಕರಿ ಇಶಾಡ ಮಾವು ಇಲ್ಲಿಯದು,
ಸಿಪ್ಪೆ ತೆಳ್ಳಗೆ, ಚೌಕಾಸಿ ಮಾಡಿ ಎಂದೆ.
ಎಡಕ್ಕೆ ಮೀನುಪೇಟೆ, ನಿಲ್ಲುವುದಿಲ್ಲ ಎಂದೆ.
ಮೂರನೇ ಬುಟ್ಟಿ ನನ್ನ ಅವ್ವನದು.
ಅದು ಮೈಕಿನ ಮಾತಲ್ಲ.

ಮಿರ್ಜಾನ ಕೋಟೆ, ನಲವತ್ತು ನಿಮಿಷ, ಇಪ್ಪತ್ತಾರು ಸೆಲ್ಫಿ.
ಅಘನಾಶಿನಿಯ ಸೇತುವೆ, ಕಂದು ನೀರು,
ಸೊಂಟದುದ್ದ ಮುಳುಗಿ ಬೆಳಚು ಹೆಕ್ಕುವ ಹೆಂಗಸರು.
ದಿವಗಿಯಲ್ಲಿ ಎಡಕ್ಕೆ ತಿರುಗಿದ್ದೇ
ಗಾಳಿಯ ಉಪ್ಪು ಕಡಿಮೆಯಾಯಿತು.

ಕತಗಾಲ ದಾಟಿ ಏರು ಶುರುವಾದಾಗ ನೋಡಿದೆ:
ನದಾಫರ ಬಲಗಾಲು
ಖಾಲಿ ತಳವನ್ನು ಒತ್ತುತ್ತಿತ್ತು.
"ಹಾರ್ನು," ಎಂದರು ತಮ್ಮಷ್ಟಕ್ಕೆ.
ಬಸ್ತ್ಯಾಂವ ಹಾರ್ನು ಹೊಡೆದ.
"ಎರಡನೇ ಗೇರು."
ಗೇರು ಬಿತ್ತು.
ಕನ್ನಡಿಯಲ್ಲಿ ಬಸ್ತ್ಯಾಂವನ ಹಲ್ಲು ಮಿಂಚಿತು:
"ಯಜಮಾನ್ರು ನಮ್ಮ ಪೈಕಿ!"

"ಹತ್ತೊಂಬತ್ತು ವರ್ಷರೀ. ಶಿರಸಿ ಡಿಪೋ, ಕುಮಟಾ ಗಾಡಿ.
ಐವತ್ತು ಜೀವ ಬೆನ್ನಿಗೆ ಕುಂತಿರ್ತಿದ್ವು.
ಹಿಂದ ಹುಡುಗ್ರು 'ನೋಡಲೇ, ನೋಡಲೇ' ಅಂತ ಒದರತಿದ್ರು.
ನಾ ರಸ್ತೆ ನೋಡ್ತಿದ್ದೆ.
ಏನು ನೋಡ್ತಿದ್ರು ಅಂತ
ನೋಡಾಕ ಬಂದೇನಿ."

ಪಶ್ಚಿಮ ಘಟ್ಟ ಜೀವವೈವಿಧ್ಯದ
ಎಂಬಲ್ಲಿಗೆ ನನ್ನ ಪಾಠ ನಿಂತಿತು.
ದಂತವೈದ್ಯೆಯ ಗಂಡ, ಮೊದಲ ಬಾರಿಗೆ,
"ಮುಂದೆ?" ಎಂದ. ನನಗಲ್ಲ, ಅವರಿಗೆ.

ದೇವಿಮನೆ. ವೇಳಾಪಟ್ಟಿಯಲ್ಲಿ ಹನ್ನೆರಡು ನಿಮಿಷ.
ಕಣಿವೆ ಹಸಿರಿನ ಮೇಲೆ ಹಸಿರು, ಆಮೇಲೆ ನೀಲಿ,
ಆಮೇಲೆ ಏನೆಂದು ತಿಳಿಯದ ಬಣ್ಣ.
ನದಾಫರು ಕಂಬಿ ಹಿಡಿದು ನೋಡಿದರು.
"ಚಂದ ಐತಿ," ಎಂದರು,
ಸಂಬಂಧಿಕರ ಮನೆಯ ಹೊಸ ಕಪಾಟಿಗೆ ಹೇಳಿದ ಹಾಗೆ.
ಆಮೇಲೆ ಕಣ್ಣು ಕೆಳಗಿಳಿಯಿತು,
ಅಗಲೀಕರಣದಲ್ಲಿ ಬಿಟ್ಟುಹೋದ ಹಳೇ ರಸ್ತೆಯ ತುಂಡಿಗೆ.
ಹುಲ್ಲು ಹೊದ್ದು, ಒಂದು ಕಡೆ ಕುಸಿದು
ಬಿದ್ದಿತ್ತು ಅದು, ಹಳೆಯ ಬೆಲ್ಟಿನಂತೆ.
"ಇಷ್ಟ ಸಣ್ಣದೇನ್ರೀ?
ಇದರಾಗ ಬಸ್ಸು ಹೆಂಗ ಹಿಡೀತಿತ್ತು?"

ಹೆದರಿಕೆ ಅಂದು ಬರಲು ಪುರುಸೊತ್ತಿರಲಿಲ್ಲ.
ಇಂದು ಬಂತು. ಕೈ ನಡುಗಿ
ರೊಟ್ಟಿಯ ಗಂಟು ಬಿಚ್ಚಲಾಗದೆ ನನ್ನ ಕೈಗೆ ಕೊಟ್ಟರು.
ಎಲ್ಲರೂ ಹರಿದುಕೊಂಡೆವು. ಶೇಂಗಾ ಚಟ್ನಿ ಖಾರ.
ಮುರುಗಲು ಶರಬತ್ತಿಗೆ ಹತ್ತು ನಿಮಿಷ ಹೆಚ್ಚಾಯಿತು.
ವೇಳಾಪಟ್ಟಿ ಮಡಚಿ ಜೇಬಿಗೆ ಹಾಕಿದೆ.

"ಇಲ್ಲಿ ಕೂಡ್ರು ತಂಗಿ," ಎಂದರು,
ತಾವು ಬಸ್ತ್ಯಾಂವನ ಪಕ್ಕ ಬಾನೆಟ್ಟಿನ ಮೇಲೆ ಕುಳಿತು.
ಮೈಕು ಮಡಿಲಲ್ಲಿ.
ಬಂಡಲ ನನ್ನೆದುರಿಗೇ ಬಂತು, ಮುಂದಿನಿಂದ,
ಮೊದಲು ಸಣ್ಣದು, ಆಮೇಲೆ ದೊಡ್ಡದು:
ಶಾಲೆಯ ಗೋಡೆಯ ಮೇಲೆ ಅರ್ಧ ಅಳಿಸಿದ ಅ ಆ ಇ,
ಬೇಲಿಗೆ ಹರವಿದ ಒಂದು ಕೆಂಪು ಟವೆಲು,
ಗಾಡಿಗೆ ದಾರಿ ಬಿಡಲೋ ಬೇಡವೋ ಎಂದು
ನಿಂತೇ ಇದ್ದ ನಾಯಿ.
ಯಾವುದಕ್ಕೂ ನನ್ನ ಬಳಿ ವಿವರಣೆ ಇರಲಿಲ್ಲ.
ರಾಗಿಹೊಸಳ್ಳಿ ಬಂತೆಂದು
ಯಾರೂ ಯಾರಿಗೂ ಹೇಳಲಿಲ್ಲ.

ಶಿರಸಿಯಲ್ಲಿ ಇಳಿಸಿ ಎಣಿಸಿದೆ.
ಎಂಟು ಬಂತು.
ಮತ್ತೆ ಎಣಿಸಿದೆ, ಬೆರಳಿಟ್ಟು,
ನನ್ನನ್ನು ಬಿಟ್ಟು.
ಅಷ್ಟರಲ್ಲಿ ಒಬ್ಬರು ಕಡಿಮೆ.
ನದಾಫರು ರಸ್ತೆಯಾಚೆ ಯಾರನ್ನೋ ನಿಲ್ಲಿಸಿ
ಡಿಪೋದ ಕ್ಯಾಂಟೀನು ಇನ್ನೂ ಐತೇನ್ರೀ
ಎಂದು ಕೇಳುತ್ತಿದ್ದರು.